ಬೆನ್ನಿಗೊಪ್ಪುವ ವೇಷ

ಅವನು ಮೊದಲ ಸಲ ಎದ್ದು ನಡೆದದ್ದು ಅಮಾವಾಸ್ಯೆ ಕಳೆದ ಮರುದಿನದ ಮಂಗಳವಾರ. ಮಂಗಳವಾರ ಹೊರಟವರ ಕಾಲಿಗೆ ನೆಲೆ ಸಿಕ್ಕುವುದಿಲ್ಲ ಅಂತ ಬಲ್ಲವರು ಹೇಳುತ್ತಾರೆ. ಅವನಿಗೆ ಆಗಿನ್ನೂ ಬಲ್ಲವರ ಸಹವಾಸ ಇರಲಿಲ್ಲ. ಮಾಸ್ತರರು ಗೋಡೆಯ ಕಡೆ ತಿರುಗಿ ಹಲಗೆಯ ಮೇಲೆ ಮಗ್ಗಿ ಬರೆಯುತ್ತಿದ್ದರು. ಅವರ ಕೋಟಿನ ಬೆನ್ನ ಮೇಲೆ ಸುಣ್ಣದ ಕಲೆಯೊಂದಿತ್ತು. ಅದನ್ನೇ ನೋಡುತ್ತ ಕೂತವನಿಗೆ ಏನನಿಸಿತೋ, ಪಾಟಿಯನ್ನು ಕೂತಲ್ಲೇ ಬಿಟ್ಟು ಬಾಗಿಲು ದಾಟಿದ, ಬಯಲು ದಾಟಿದ, ಹೋಗಿಯೇಬಿಟ್ಟ. ಮಾಸ್ತರರು ಹೊರಳಿ ನೋಡಿದಾಗ ಅವರಿಗೂ ಸಿಕ್ಕಿದ್ದು ದೂರದಲ್ಲಿ ಸಣ್ಣದಾಗುತ್ತಿದ್ದ ಒಂದು ಬೆನ್ನು ಮಾತ್ರ.

ಅಲ್ಲಿಂದ ಮುಂದೆ ಅವನದು ಅದೇ ಕಸುಬು. ಒಂದು ಊರಿಗೆ ಬರುವುದು, ಇಟ್ಟಿಗೆ ಹೊರುವುದೋ ಲಾರಿ ತೊಳೆಯುವುದೋ ಏನಾದರೂ ಮಾಡುವುದು, ಹೋಗುವುದು. ಬರುವಾಗ ಅವನ ಮುಖವನ್ನು ಯಾರೂ ಕಾದು ನೋಡಲಿಲ್ಲ. ಹೋಗುವಾಗ ಅವನ ಬೆನ್ನನ್ನು ಕೆಲವರು ನೋಡಿರಬಹುದು. ನೋಡಿದರೋ ಇಲ್ಲವೋ ಅಂತ ತಿಳಿಯಲು ಅವನು ಹಿಂದಿರುಗಿ ನೋಡಬೇಕಿತ್ತು. ಅದು ಅವನ ಜಾಯಮಾನದಲ್ಲಿ ಇರಲಿಲ್ಲ.

ಹಾಗೆ ನಡೆಯುತ್ತ, ಮೀಸೆಯಲ್ಲಿ ಬೆಳ್ಳಿ ಇಣುಕುವ ಹೊತ್ತಿಗೆ, ಅವನು ಆ ಊರಿಗೆ ಬಂದ.

ಆ ಊರಲ್ಲಿ ಎದುರುಬದುರು ಕೂರುವ ಪದ್ಧತಿ ಇರಲಿಲ್ಲ. ಮನೆಗಳ ಬಾಗಿಲೆಲ್ಲ ಒಂದೇ ದಿಕ್ಕಿಗೆ. ಕಟ್ಟೆಗಳೆಲ್ಲ ಒಂದೇ ದಿಕ್ಕಿಗೆ. ಗಂಡ ಹೆಂಡತಿ ಉಣ್ಣುವಾಗಲೂ ಒಂದೇ ದಿಕ್ಕಿಗೆ ಮುಖಮಾಡಿ ಸಾಲಾಗಿ ಕೂತು ಉಣ್ಣುತ್ತಿದ್ದರು. ಆ ದಿಕ್ಕಿನಲ್ಲಿ ಇದ್ದದ್ದು ಗಾಜು.

ಗಾಜು ಅಂದರೆ ಊರ ನಡುವಿನ ಬಯಲಿನ ಮೂಡಣ ತುದಿಯಲ್ಲಿ ಕೋಟೆಗೋಡೆಯ ಎತ್ತರಕ್ಕೆ ನಿಂತ ಕರಿಗಾಜು. ದೀಪ ಹಚ್ಚುವ ಹೊತ್ತಿಗೆ ಅದರೊಳಗೆ ಬೆಳಕು ಮೂಡುತ್ತಿತ್ತು, ಬೆಳಕಿನೊಳಗೆ ವೀರ ಮೂಡುತ್ತಿದ್ದ. ಪೇಟೆಯ ವಿಡಿಯೋ ಗೇಮ್ ಅಂಗಡಿಗಳಲ್ಲಿ ಹುಡುಗರು ಗುಂಡಿ ಒತ್ತಿ ಓಡಿಸುತ್ತಾರಲ್ಲ, ಅಂಥದೇ ವೀರ, ಅಂಥದೇ ಆಟ. ಆದರೆ ಪೇಟೆಯ ಆಟಕ್ಕೆ ಕೊನೆ ಇರುತ್ತದೆ. ಈ ಊರಿನ ಆಟ ಯಾರ ಕಾಲದಲ್ಲಿ ಶುರುವಾಯಿತೋ, ಮುಗಿದದ್ದಂತೂ ಇಲ್ಲ. ದಿನಕ್ಕೊಂದು ಮನೆಯ ಪಾಳಿ. ಪಾಳಿಯ ಮನೆಯವರು ಕಟ್ಟೆಯ ಮೇಲಿನ ಗುಂಡಿಗಳನ್ನು ಒತ್ತುವರು. ವೀರ ಕಾಡು ಹೊಕ್ಕು, ಹೊಳೆ ದಾಟಿ, ಬೆಂಕಿಯುಗುಳುವ ಪ್ರಾಣಿಗಳನ್ನು ಕಡಿದುರುಳಿಸಿ ಮುಂದೆ ಮುಂದೆ ಹೋಗುವನು. ಊರು ಹಿಂದೆ ಕೂತು ನೋಡುವುದು. ಅವನು ಹೋಗುವನು, ಊರು ನೋಡುವುದು.

ಗಾಜಿನ ಉಸ್ತುವಾರಿ ಒಬ್ಬ ಹಿರಿಯನದು. ಅವನನ್ನು ಗಾಜಿನ ಯಜಮಾನ ಅನ್ನುತ್ತಿದ್ದರು. ಅಲೆಮಾರಿಯನ್ನು ಊರ ಬಾಗಿಲಲ್ಲಿ ಕಂಡು ಅವನು ಪಕ್ಕಕ್ಕೆ ಬಂದು ನಿಂತ. ಎದುರಿಗೆ ನಿಲ್ಲಲಿಲ್ಲ.

"ಎಲ್ಲಿಂದ ಬಂದೀಪಾ?"

"ಹಿಂದಿನ ಊರಿಂದ್ರೀ."

"ಎಲ್ಲಿಗೆ ಹೊಂಟೀ?"

"ಮುಂದಿನ ಊರಿಗ್ರೀ."

"ಹಂಗಾದ್ರ ನಡುವಿನ ಊರಾಗ ಒಂದಿಷ್ಟು ಕೆಲಸ ಮಾಡು," ಅಂದ ಯಜಮಾನ. "ನಮ್ಮ ವೀರಗ ದಿನಾ ಒಂದು ವೇಷ ತೊಡಿಸಬೇಕು. ಊರಾವರು ತೊಡಿಸೂಹಂಗಿಲ್ಲ. ಊರಾವರ ಕೈಗೆ ಕೊಟ್ರ ಅವಗೊಂದು ಬೇಕು, ಇವಗೊಂದು ಬೇಕು, ಬಡದಾಡಿ ಸಾಯತಾರ. ಅದಕ್ಕ ಯಾರಿಗೂ ಏನೂ ಆಗದ ಮನಶ್ಯಾ ಬೇಕು. ನಿನ್ನಂತಾಂವ."

"ವೇಷದಿಂದ ವೀರಗ ಬಲ ಬರತೈತೇನ್ರಿ?"

"ಬರೂದಿಲ್ಲ. ಕತ್ತಿ ಹರಿತ ಆಗೂದಿಲ್ಲ, ಓಟ ಜೋರ ಆಗೂದಿಲ್ಲ. ನೋಟಕ್ಕಷ್ಟ. ಬಲಕ್ಕ ಇದ್ದಿದ್ರ ಯಾರರೇ ಆರಸಬಹುದಿತ್ತು. ನೋಟಕ್ಕಷ್ಟ ಅನ್ನೂದಕ್ಕ ಕಠಿಣ."

ವೇಷ ಒಪ್ಪದಿದ್ದರೆ ಊರು ನಡುವೆಯೇ ಎದ್ದು ಹೋಗುತ್ತದೆ, ಒಪ್ಪಿದರೆ ಆಟ ನಿಂತ ಮೇಲೂ ಕೂತೇ ಇರುತ್ತದೆ ಅಂತ ಯಜಮಾನ ತಿಳಿಸಿದ. ಒಪ್ಪುವ ವೇಷ ತೊಡಿಸಿದವನಿಗೆ ಊರಲ್ಲಿ ಒಂದು ಮನೆ, ಅದರ ಬೀಗದ ಕೈ. ತೊಡಿಸದವನಿಗೆ ಹುಣ್ಣಿಮೆ ಕಳೆದ ಮೇಲೆ ದಾರಿ.

ಮನೆ ಅಂದದ್ದಕ್ಕೆ ಅಲೆಮಾರಿ ನಗಬೇಕಿತ್ತು. ನಗು ಬರಲಿಲ್ಲ. ಅಂಗಾಲಿನಲ್ಲಿ ಈಚೆಗೆ ಒಂದು ನೋವು ಮನೆಮಾಡಿತ್ತು. ಅದೇ ಅವನಿಗಿಂತ ಮುಂದಾಗಿ "ಹೂಂ" ಅಂದುಬಿಟ್ಟಿತು.

ಗಾಜಿನ ಹಿಂಬದಿಗೆ ವೇಷದ ಮನೆ. ಅದರಲ್ಲಿ ಆಳೆತ್ತರದ ಸಣ್ಣ ಗಾಜು. ಅದರೊಳಗೆ ವೀರ ಬರಿಮೈಯಲ್ಲಿ ನಿಂತು, ಸೋತ ಬುಗುರಿಯ ಹಾಗೆ ಮೆಲ್ಲಗೆ ತಿರುಗುತ್ತಿದ್ದ. ಬೆರಳು ಸರಿಸಿದರೆ ವೇಷಗಳು ಒಂದಾದ ಮೇಲೊಂದು ಅವನ ಮೈಗೆ ಬಂದು ಕೂರುತ್ತಿದ್ದವು. ಸರಿಸಿದಷ್ಟೂ ವೇಷ. ಎದೆಯ ಮೇಲೆ ಗರುಡ ರೆಕ್ಕೆ ಬಿಚ್ಚಿದ ಚಿನ್ನದ ಕವಚ. ಹಣೆಗೆ ಮುತ್ತಿನ ಜಾಲರಿ ಇಳಿಬಿದ್ದ ಕಿರೀಟ. ಹುಲಿ ಬಾಯ್ದೆರೆದ ನಡುಪಟ್ಟಿ. ಅಲೆಮಾರಿ ಮೊದಲ ದಿನ ಗರುಡನನ್ನು ತೊಡಿಸಿದ. ಊರು ನಡುವೆಯೇ ಎದ್ದು ಹೋಯಿತು. ಮರುದಿನ ಮುತ್ತು ತೊಡಿಸಿದ. ಊರು ಎದ್ದು ಹೋಯಿತು. ಹುಲಿಯ ದಿನ ಊರು ಸರಿಯಾಗಿ ಕೂರಲೂ ಇಲ್ಲ.

ಗಾಜಿನ ಬುಡದಲ್ಲಿ ಒಬ್ಬಳು ರೊಟ್ಟಿ ಮಾಡುತ್ತಿದ್ದಳು. ಮೂಡಣ ಗಾಳಿಗೆ ಹೊಗೆ ಕಣ್ಣಿಗೆ ಬಾರದಿರಲೆಂದು ಅವಳು ಗಾಜಿಗೆ ಬೆನ್ನುಮಾಡಿ ಒಲೆಯ ಮುಂದೆ ಕೂರಬೇಕಾಗಿತ್ತು. ಹಾಗಾಗಿ ಇಡೀ ಊರಿನಲ್ಲಿ ವೀರನನ್ನು ನೋಡದವಳು ಅವಳೊಬ್ಬಳೇ. ಊರಿನವರ ಮುಖ ನೋಡಿದವಳೂ ಅವಳೊಬ್ಬಳೇ. ಅಲೆಮಾರಿ ಮಧ್ಯಾಹ್ನ ಅವಳ ಹತ್ತಿರ ಉಣ್ಣಲು ಹೋಗುತ್ತಿದ್ದ. ಅವಳನ್ನು ಅಕ್ಕಾ ಅನ್ನಲು ಅವನ ಬಾಯಿ ಬರಲಿಲ್ಲ, ಬೇರೇನೂ ಅನ್ನಲು ಧೈರ್ಯ ಬರಲಿಲ್ಲ. ಅವಳಿಗೆ ಆ ತೊಡಕಿರಲಿಲ್ಲ. ಪರದೇಶಿ ಅನ್ನುತ್ತಿದ್ದಳು.

"ಏ ಪರದೇಶಿ, ನಿನಗೂ ದಾರಿ ಹಿಡಿಸತಾರ ನೋಡು," ಅಂದಳು ರೊಟ್ಟಿ ಬಡಿಯುತ್ತ.

"ಚಿನ್ನದಂತಾ ವೇಷ ಹಾಕೇನಿ. ಇವರಿಗೆ ಇನ್ನೇನ್ ಬೇಕಂತ?"

"ನನಗೇನು ಗೊತ್ತು? ನಾ ನಿಮ್ಮ ವೀರನ್ನ ನೋಡಿದಾಕಿ ಅಲ್ಲ. ಮಾರಿ ನೋಡಿದಾಕಿ. ಆಟ ಶುರು ಆಗೂಮುಂದ ಎಲ್ಲಾರ ಮಾರಿ ಹಸದು ಬಂದಾವರ ಮಾರಿ ಇದ್ದಂಗ ಇರತಾವ. ಸ್ವಲ್ಪ ಹೊತ್ತಿಗೆ ಆರಿದ ರೊಟ್ಟಿ ಹಾಕಿದಂಗ ಆಗತಾವ. ಪ್ರತೀ ವೇಷದಾಂವ ಬಂದಾಗೂ ಹಿಂಗ. ಒಳಗ ಕುಂತು ಏನ್ ಮಾಡತೀರೋ ಏನೋ. ಒಂದು ದಿನ ಹೊರಗ ಬಂದು ಅವರ ಹಿಂದ ಕುಂತರೇ ನೋಡು."

ಅವತ್ತು ಸಂಜೆ ಅವನು ಕಡೆಯ ಸಾಲಿನಲ್ಲಿ ಹೋಗಿ ಕೂತ. ಮುಂದೆ ಸಾಲು ಸಾಲು ಬೆನ್ನುಗಳು. ಆ ಬೆನ್ನುಗಳ ಆಚೆ ಬೆಳಕು, ಬೆಳಕಿನಲ್ಲಿ ವೀರ. ವೀರನೂ ಬೆನ್ನೇ. ಮುಂದೆ ಹೋಗುವವನು ಹಿಂದೆ ಕೂತವರಿಗೆ ಬೆನ್ನಲ್ಲದೆ ಮತ್ತೇನು ತೋರಿಸಿಯಾನು? ಬೆಳಗಿನಿಂದ ಹುಡುಕಿ ಹುಡುಕಿ ಎದೆಗೆ ತೊಡಿಸಿದ ರತ್ನದ ನವಿಲು ಕಾಡಿನ ಮರಗಳಿಗೆ ಕಾಣುತ್ತಿತ್ತು. ಊರಿಗೆ ಕಂಡದ್ದು ಎರಡು ತೊಗಲಿನ ಪಟ್ಟಿ, ಒಂದು ಕೊಂಡಿ.

ವೇಷದ ಮನೆಯ ಸಣ್ಣ ಗಾಜಿನಲ್ಲಿ ವೀರ ತಮ್ಮ ಕಡೆ ತಿರುಗಿದಾಗಲೆಲ್ಲ ಎಲ್ಲ ವೇಷದವರೂ ಬೆರಳು ನಿಲ್ಲಿಸಿದ್ದರು. ಆಚೆ ತಿರುಗಿದಾಗ ಯಾರೂ ನೋಡಿರಲಿಲ್ಲ. ಯಾರು ನೋಡುತ್ತಾರೆ?

ಮರುದಿನ ಅವನು ವೇಷಗಳ ತಳಕ್ಕೆ ಕೈ ಹಾಕಿದ. ಯಾವ ವೇಷದವನೂ ಮುಟ್ಟದ, ಬೆಲೆಯಿಲ್ಲದ ವೇಷಗಳು ಅಲ್ಲಿದ್ದವು. ವೀರ ಆಚೆ ತಿರುಗುವವರೆಗೂ ಕಾಯುತ್ತ, ಬೆನ್ನಿಗೆ ಮಾತ್ರ ಆರಿಸಿದ. ಹೆಗಲ ಮೇಲೆ ಬಿಸಿಲಿಗೆ ಮಾಸಿದ ನೀಲಿ ಅಂಗಿ. ಅದರ ಮೇಲೆ ಕಂಬಳಿ, ಒಂದು ತುದಿ ಇನ್ನೊಂದಕ್ಕಿಂತ ತುಸು ಕೆಳಗೆ. ಕಿರೀಟ ಬೇಡ, ಕುತ್ತಿಗೆ ಕಾಣಲಿ. ಎಷ್ಟೋ ಊರು ಬಿಟ್ಟವನಿಗೆ, ಬಿಡುವವನ ಬೆನ್ನು ಹೇಗಿರುತ್ತದೆ ಅಂತ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಸಂಜೆ ವೀರ ಹೊಳೆಯ ದಂಡೆಗುಂಟ ನಡೆದ. ಬಳೆಗಾರ್ತಿಯೊಬ್ಬಳು ಸಾಲಿನ ನಡುವಿನಿಂದ ಕೂಗಿದಳು.

"ಅಯ್ಯ, ನಮ್ಮಾಂವ! ಹಿಂಗ ಹೋದ. ಹಿಂಗ ಒಂದು ಹೆಗಲಾ ಇಳಿಸಿ ಹೋದ!"

ಅವಳ ಪಕ್ಕದವನು "ನಿಮ್ಮಾಂವ ಅಲ್ಲ, ನಮ್ಮ ಕಾಕಾ" ಅಂದ. ಅವನ ಹಿಂದಿನವಳು ಸೆರಗು ಬಾಯಿಗೊತ್ತಿದಳು. ಆಗ ಅಲೆಮಾರಿಗೆ ತಿಳಿಯಿತು. ಆ ಊರಿನ ಒಂದೊಂದು ಮನೆಯಿಂದಲೂ ಒಬ್ಬೊಬ್ಬರು ಎದ್ದು ಹೋಗಿದ್ದರು. ಊರಲ್ಲಿ ಉಳಿದವರಿಗೆ ಹೋದವರಿಂದ ಉಳಿದದ್ದು ಬೆನ್ನು. ಅದು ಇನ್ನೊಮ್ಮೆ ಕಂಡೀತೇನೋ ಅಂತ ಊರಿಗೆ ಊರೇ ಒಂದು ದಿಕ್ಕಿಗೆ ತಿರುಗಿ ಕೂತಿತ್ತು. ಆಟ ನಿಂತ ಮೇಲೂ ಅವತ್ತು ಯಾರೂ ಏಳಲಿಲ್ಲ.

ಅಲ್ಲಿಂದ ಜನ ವೇಷದ ಮನೆಯ ಕಿಟಕಿಗೆ ಬರತೊಡಗಿದರು. ಪಕ್ಕಕ್ಕೆ ನಿಂತು, ಗೋಡೆ ನೋಡುತ್ತ ಹೇಳುತ್ತಿದ್ದರು. ಕೊರಳಪಟ್ಟಿ ಒಂದು ಕಡೆ ಹರಿದಿತ್ತು. ಅಣ್ಣನ ಅಂಗಿ ಹಾಕಿಕೊಂಡಿದ್ದ, ತೋಳು ಉದ್ದ ಇತ್ತು. ಆಕಿ ಜಡೆಗೆ ರಿಬ್ಬನ್ ಕಟ್ಟಿರಲಿಲ್ಲ, ಸಿಟ್ಟಿನಲ್ಲಿ ಹೋದಳಲ್ಲ. ಅಲೆಮಾರಿ ಕೇಳುತ್ತಿದ್ದ, ಹುಡುಕುತ್ತಿದ್ದ, ತೊಡಿಸುತ್ತಿದ್ದ. ಸಂಜೆ ವೀರ ಒಬ್ಬರ ಅಣ್ಣನಾಗಿ, ಒಬ್ಬರ ತಂಗಿಯಾಗಿ, ಒಬ್ಬರ ಗೆಳೆಯನಾಗಿ ಹೊಳೆ ದಾಟಿ ಹೋಗುತ್ತಿದ್ದ.

ಒಂದು ದಿನ ಎಣ್ಣೆ ವ್ಯಾಪಾರಿ ಬಂದ. "ನನ್ನ ಎತ್ತು ಹೊಡಕೊಂಡು ಹೋದ ಕಳ್ಳನ ಬೆನ್ನು ಬೇಕು. ಹಳದಿ ಅಂಗಿ, ತಲಿಗೆ ವಸ್ತ್ರ."

"ಕಳ್ಳಂದು ಎದಕ್ಕಪಾ?"

"ಬೈಯಾಕ! ಅವತ್ತು ಬಾಯಿಗೆ ಒಂದು ಬೈಗಳಾ ಬರಲಿಲ್ಲ. ಆಮ್ಯಾಲೆ ಏನ್ ಭಾರಿ ಭಾರಿ ಹೊಳದುವು ಅಂತೀ. ಹಂಗ ಒಳಗ ಕೊಳೀಲಿಕ್ಕತ್ತಾವ."

ಸಂಜೆ ಹಳದಿ ಅಂಗಿ ಗುಡ್ಡ ಹತ್ತಿತು. ಎಣ್ಣೆ ವ್ಯಾಪಾರಿ ಎದ್ದು ನಿಂತು ಗಂಟಲು ಸರಿಮಾಡಿಕೊಂಡ. ಊರೆಲ್ಲ ನಗಲು ತಯಾರಾಯಿತು. ಅವನ ಬಾಯಿಂದ ಬಂದದ್ದು, "ಹೊತ್ತಿಗೆ ಸರಿಯಾಗಿ ನೀರು ಕುಡಸೋ ಅದಕ್ಕ!" ಅಂತ. ಅಷ್ಟಂದು ಕೂತ. ಯಾರೂ ನಗಲಿಲ್ಲ.

ಹುಣ್ಣಿಮೆ ಬಂತು, ಹೋಯಿತು. ಯಜಮಾನ ಪಕ್ಕಕ್ಕೆ ನಿಂತು ಬೀಗದ ಕೈ ಕೊಟ್ಟ. ಅಲೆಮಾರಿಗೆ ಮನೆಯಾಯಿತು. ಮನೆಗೆ ಬಾಗಿಲಿತ್ತು, ಬಾಗಿಲು ಗಾಜಿನ ಕಡೆಗಿತ್ತು. ಅವನು ದಿನಾ ಬೀಗ ಹಾಕುವನು, ಬೀಗ ತೆಗೆಯುವನು. ಆ ಸದ್ದು ಕೇಳಲು ಹಿತವಾಗಿತ್ತು. ಆದರೆ ಒಳಗೆ ಬಂದು ಕೂತರೆ, ತನ್ನ ಕಡೆ ತಿರುಗಿದ್ದು ಏನೂ ಇಲ್ಲ ಅನ್ನುವುದು ಗೋಡೆ ಗೋಡೆಯಿಂದಲೂ ಎದ್ದು ಬರುತ್ತಿತ್ತು. ಊರಿನವರು ಅವನನ್ನು ದಾರಿಯಲ್ಲಿ ಕಂಡರೆ ಪಕ್ಕಕ್ಕೆ ಬಂದು ನಿಂತು, ಹೋದವರ ಮಾತಾಡಿ ಹೋಗುತ್ತಿದ್ದರು. ಅವನು ಇದ್ದಾನೆ ಅನ್ನುವುದು ಯಾರಿಗೂ ಮಾತಾಡುವ ಸಂಗತಿಯಾಗಲಿಲ್ಲ. ದಿನಕ್ಕೊಮ್ಮೆ ಅವನ ಕಡೆ ತಿರುಗುತ್ತಿದ್ದ ಮುಖ ಅಂದರೆ ಸಣ್ಣ ಗಾಜಿನ ವೀರನದು. ಬೆನ್ನಿಗೆ ಕಾಯುತ್ತ ಕೂತಾಗ ನಡುನಡುವೆ ಬರುವ ಆ ಮುಖಕ್ಕೆ ಅವನು ಈಚೆಗೆ ಒಂದೆರಡು ಮಾತೂ ಆಡತೊಡಗಿದ್ದ. ಚೆಂದದ ಮುಖ ಅನಿಸಿತ್ತು.

ಮಧ್ಯಾಹ್ನ ರೊಟ್ಟಿಗೆ ಹೋದಾಗ ಅವನೂ ಸಾಲಿನಲ್ಲಿ ಕೂತು, ಖಾಲಿ ಗಾಜನ್ನೇ ನೋಡುತ್ತ, ನಾಳೆ ಯಾರ ಬೆನ್ನು ಅಂತ ಯೋಚಿಸುತ್ತ ಉಣ್ಣುತ್ತಿದ್ದ.

"ನೀನೂ ಊರಾಂವ ಆದಿ," ಅಂದಳು ರೊಟ್ಟಿಯಾಕೆ ಒಂದು ದಿನ. ಹೊಗಳಿದ ಹಾಗಿರಲಿಲ್ಲ.

ಅವನು ಗಂಗಾಳ ಕೆಳಗಿಟ್ಟ. "ಊರೆಲ್ಲ ಬಂದು ಕೇಳಿತು. ನೀ ಏನೂ ಕೇಳಲಿಲ್ಲ. ನಿನಗ ಯಾರ ಬೆನ್ನು ಬೇಕು?"

"ಬೆನ್ನು ತಗೊಂಡು ಏನ್ ಮಾಡ್ಲಿ? ನನ್ನ ಬಿಟ್ಟು ಹೋದಾವರು ಯಾರೂ ಇಲ್ಲ. ಬಂದಾವರ ಇಲ್ಲ, ಹೋಗೂದೆಲ್ಲಿ?" ಅವಳು ತವೆಯ ಮೇಲಿನ ರೊಟ್ಟಿ ಹೊರಳಿಸಿದಳು. "ಇಷ್ಟು ದಿನ ಇಷ್ಟು ಮಂದೀ ಮಾರಿ ನೋಡೇನಿ. ನಗೂದು ನೋಡೇನಿ, ಅಳೂದು ನೋಡೇನಿ. ಒಂದರೇ ಮಾರಿ ನನ್ನ ನೋಡಿಲ್ಲ. ಎಲ್ಲಾರ ಕಣ್ಣೂ ನನ್ನ ತಲೀ ಮ್ಯಾಲಿಂದ ಹೋಗತಾವ. ನಿನ್ನವೂ ಈಗ ಹೋಗಾಕತ್ತಾವ."

ಅವನು ಅವಳನ್ನು ನೋಡಬೇಕಿತ್ತು. ಆ ಕ್ಷಣಕ್ಕೆ ಬೇಕಾದದ್ದು ಅಷ್ಟೇ ಆಗಿತ್ತು. ಆದರೆ ಊರಿನ ರೂಢಿ ಮೈಗೆ ಹತ್ತಿಬಿಟ್ಟಿತ್ತು. ಅವಳ ಮಾತು ಕಿವಿಗೆ ಬಿದ್ದ ಕೂಡಲೇ ಅವನ ಕಣ್ಣು ಗಾಜಿಗೆ ಹೋಯಿತು.

"ನಾಳೆ ಸಂಜೀಗೆ ಒಲಿ ಬಿಟ್ಟು ಹೊಳ್ಳಿ ನೋಡು," ಅಂದ. "ನಿನಗ ಒಂದು ಮಾರಿ ತೋರಸತೀನಿ."

"ರೊಟ್ಟಿ ಸೀದು ಹೋದ್ರ?"

"ಹೋಗಲಿ."

ಮರುದಿನ ಅವನು ಇಡೀ ಹಗಲು ವೇಷ ಆರಿಸಿದ. ಈ ಸಲ ವೀರ ತನ್ನ ಕಡೆ ತಿರುಗಿದಾಗ ಮಾತ್ರ ಬೆರಳು ನಿಲ್ಲಿಸಿದ. ಚಿನ್ನ ನೋಡಿ ಬಿಟ್ಟ, ಮುತ್ತು ನೋಡಿ ಬಿಟ್ಟ. ಕಡೆಗೆ ಆರಿಸಿದ್ದು ತಲೆಗೆ ಬಿಳಿಯ ಪಟಗ, ತುಸು ಓರೆಯಾಗಿ. ತೊಳೆದು ಮಡಿಸಿಟ್ಟಿದ್ದ ಹಾಗಿರುವ ಅಂಗಿ, ಎದೆಯ ಮೇಲೆ ಬೆಳ್ಳಿ ಗುಂಡಿಗಳು. ದೂರದಿಂದ ಬಂದವನು ಊರ ಬಾವಿಯಲ್ಲಿ ಕಾಲು ತೊಳೆದು, ಮನೆಗೆ ಹೋಗುವ ಮುಂಚೆ ತೊಡುವಂಥ ವೇಷ. ಇಷ್ಟು ಒಳ್ಳೆಯ ವೇಷವನ್ನು ಆ ಮನೆಯಲ್ಲಿ ಯಾರೂ ಆರಿಸಿರಲಿಲ್ಲ. ದೀಪದ ಹೊತ್ತಿಗೆ, ಮುಖ ಈಚೆ ಇರುವಾಗಲೇ ತಿರುಗುವುದನ್ನು ತಡೆದು, ವೀರನನ್ನು ಹಾಗೆಯೇ ದೊಡ್ಡ ಗಾಜಿಗೆ ಬಿಟ್ಟ. ಬಿಟ್ಟವನೇ ಬಯಲಿಗೆ ಓಡಿಬಂದ.

ವೀರ ಊರಿಗೆ ಎದುರಾಗಿ ನಿಂತಿದ್ದ. ರೊಟ್ಟಿಯಾಕೆ ಒಲೆ ಬಿಟ್ಟೆದ್ದು ಹೊರಳಿ ನೋಡುತ್ತಿದ್ದಳು.

ಬಳೆಗಾರ್ತಿ ಎರಡೂ ತೋಳು ಚಾಚಿ ಅರ್ಧ ಎದ್ದಳು. ಆಮೇಲೆ ತೋಳು ಇಳಿದವು. ಆ ಮುಖ ನುಣುಪಾಗಿತ್ತು, ತೀಡಿದ ಹಾಗಿತ್ತು. ಅದರಲ್ಲಿ ಸಿಟ್ಟಿನ ಗೆರೆ ಇರಲಿಲ್ಲ, ಹಸಿವಿನ ಗೆರೆ ಇರಲಿಲ್ಲ. ಯಾರ ತಾಯಿಯ ಮೂಗೂ ಅದಲ್ಲ, ಯಾರ ಮನೆತನದ ಗಲ್ಲವೂ ಅದಲ್ಲ.

"ಇಂವ ಯಾರು?" ಅಂತ ಯಾರೋ ಕೇಳಿದರು.

"ಕಳ್ಳಗಾದ್ರೂ ಒಂದು ಮಾರಿ ಇತ್ತಲ್ಲೋ," ಅಂದ ಎಣ್ಣೆ ವ್ಯಾಪಾರಿ. "ಇದು ಯಾರ ಮಾರೀನೂ ಅಲ್ಲ."

ಪಾಳಿಯ ಮನೆಯವರು ಗುಂಡಿ ಒತ್ತಿದರು. ವೀರ ಬೆನ್ನು ತಿರುಗಿಸಿ ಮತ್ತೆ ಕಾಡಿನ ಕಡೆ ನಡೆದ. ಆದರೆ ಕಂಡ ಮುಖ ಕಾಣದ್ದಾಗಲಿಲ್ಲ. ಇನ್ನು ಯಾವ ಅಂಗಿ ತೊಡಿಸಿದರೂ ಅದರ ಮುಂಬದಿಯಲ್ಲಿ ಆ ನುಣುಪು ಮುಖ ಇದೆ ಅನ್ನುವುದು ಊರಿಗೆ ಗೊತ್ತಾಗಿಬಿಟ್ಟಿತ್ತು. ಊರು ಎದ್ದಿತು. ಬೈಯಲಿಲ್ಲ, ಕಲ್ಲು ಎತ್ತಲಿಲ್ಲ. ಬಿಟ್ಟುಹೋದವರೆಲ್ಲ ಇನ್ನೊಮ್ಮೆ ಹೋದರು ಅನ್ನುವ ಹಾಗೆ, ಒಬ್ಬೊಬ್ಬರೇ ಮನೆಗೆ ಹೋದರು.

ಬೆಳಿಗ್ಗೆ ಯಜಮಾನ ಬಾಗಿಲ ಪಕ್ಕ ಬಂದು ನಿಂತ. ಅವನು ಕೇಳುವ ಮೊದಲೇ ಅಲೆಮಾರಿ ಬೀಗದ ಕೈಯನ್ನು ಅವನ ಅಂಗೈಯಲ್ಲಿಟ್ಟ.

"ನೀ ಕೆಟ್ಟದ್ದಾಗಲಿ ಅಂತ ಮಾಡಲಿಲ್ಲ. ಗೊತ್ತೈತಿ," ಅಂದ ಯಜಮಾನ. "ಆದ್ರ ಅಂವ ನಮ್ಮಾಂವ ಅಲ್ಲಂತ ಒಳಗೊಳಗ ಎಲ್ಲಾರಿಗೂ ಗೊತ್ತಿತ್ತಪಾ. ಅದನ್ನ ಎದುರಿಗೆ ತಂದು ನಿಲ್ಲಸಬಾರದಿತ್ತು. ಇನ್ನ ಈ ಮಾರಿ ಮರೀಬೇಕಾದ್ರ ಒಂದು ತಲಿಮಾರು ಬೇಕು."

ಅವನು ಹೋದ ಮೇಲೆ ಅಲೆಮಾರಿ ನೆಲಕ್ಕೆ ಕೂತು ಗಂಟು ಕಟ್ಟತೊಡಗಿದ. ಒಂದು ತಂಬಿಗೆ, ಒಂದು ಚಾಕು, ಎರಡು ಅಂಗಿ, ಒಂದು ಕಂಬಳಿ. ಮನೆಯಿದ್ದವನ ಸಾಮಾನೂ ಮನೆಯಿಲ್ಲದವನ ಸಾಮಾನಿನಷ್ಟೇ ಇತ್ತು. ಬಾಗಿಲಿಗೆ ನೆರಳು ಬಿತ್ತು. ರೊಟ್ಟಿಯಾಕೆ ಒಳಗೆ ಬಂದು, ಪಕ್ಕಕ್ಕಲ್ಲ, ಗಂಟಿನ ಆಚೆ ಬದಿಗೆ ಅವನಿಗೆ ಎದುರಾಗಿ ಕೂತಳು.

"ರೊಟ್ಟಿ ಸೀದು ಹೋದುವು," ಅಂದಳು.

"ನೋಡಿದಿ ಅಲ್ಲ?"

"ನೋಡಿದೆ. ಚೆಂದ ಇದ್ದ. ಅವನ ಕಣ್ಣೂ ನನ್ನ ತಲೀ ಮ್ಯಾಲಿಂದ ಹೋದುವು."

ಅವನು ತಂಬಿಗೆಯನ್ನು ಅಂಗಿಯ ಮೇಲಿಟ್ಟು ಗಂಟಿನ ತುದಿ ಎಳೆದ.

"ಇರು ಅಂತ ನಾ ಹೇಳೂದಿಲ್ಲ," ಅಂದಳು ಅವಳು. "ಊರು ಕೇಳೂದಿಲ್ಲ. ನಿನ್ನ ಕಾಲೂ ಕೇಳೂದಿಲ್ಲ. ಆದ್ರ ಊರು ಬಿಡೂತನಕ ಹಿಂದಹಿಂದಕ ನಡದು ಹೋಗು. ಗುಡಿಯಿಂದ ಹೊರಗ ಬರೂಮುಂದ ದೇವರಿಗೆ ಬೆನ್ನು ತೋರಸಬಾರದಂತ ಹೆಂಗ ಬರತಾರ, ಹಂಗ. ನನ್ನ ನೋಡಕೋತ ಹೋಗು."

"ನೀ ಏನ್ ದೇವರೇನು?"

"ದೇವರು ಯಾಕ ನಿನಗ ರೊಟ್ಟಿ ಬಡದು ಹಾಕತಿದ್ದ? ದೇವರಲ್ಲ. ಈ ಊರಾಗ ಎಲ್ಲಾರ ಹಂತ್ಯಾಕ ಒಂದೊಂದು ಬೆನ್ನು ಐತಿ. ನನ್ನ ಹಂತ್ಯಾಕ ಒಂದು ಮಾರಿ ಇರಲಿ."

ಅವನು ತಲೆಯೆತ್ತಿ ಅವಳನ್ನು ನೋಡಿದ. ಒಲೆಯ ಝಳಕ್ಕೆ ಕಂದಿದ ಕೆನ್ನೆ, ಹುಬ್ಬಿನ ಮೇಲೆ ಒಂದು ಸುಟ್ಟ ಗುರುತು. ಇಷ್ಟು ದಿನ ಅವಳ ಕೈಯ ಊಟ ಉಂಡವನಿಗೆ ಆ ಗುರುತು ಹೊಸದಾಗಿತ್ತು. ಅವಳ ಕಣ್ಣು ಅವನ ಕಣ್ಣಿನಿಂದ ಎಲ್ಲಿಗೂ ಹೋಗಲಿಲ್ಲ. ಅವನಿಗೆ ಅಷ್ಟು ಹೊತ್ತು ಯಾರನ್ನಾದರೂ ನೋಡಿ ರೂಢಿಯಿರಲಿಲ್ಲ, ಕಣ್ಣಲ್ಲಿ ನೀರು ಬಂತು.

"ಎಡವಿ ಬೀಳತೀನಿ," ಅಂದ.

"ಬೀಳು. ಎದ್ದು ಮತ್ತ ನಡಿ. ನಿನ್ನ ಹಿಂದ ಇರೂದೆಲ್ಲಾ ನನಗ ಕಾಣತೈತಿ. ಕಲ್ಲು ಬಂದ್ರ ಎಡಕ್ಕ ಅಂತೀನಿ, ತಗ್ಗು ಬಂದ್ರ ಬಲಕ್ಕ ಅಂತೀನಿ. ನನ್ನ ದನಿ ಮುಟ್ಟೂತನಕ."

"ಆಮ್ಯಾಲೆ?"

"ಆ ಮ್ಯಾಲಿಂದು ನಿನ್ನ ದಾರಿ."

ಅವನು ಗಂಟನ್ನು ಬೆನ್ನಿಗೇರಿಸಲು ಎತ್ತಿದ. ಅವಳು ಕೈ ಚಾಚಿ ತಡೆದಳು.

"ಥೂ, ಹಿಂಗ ಕಟ್ಟತಾರೇನೋ? ತಂಬಿಗಿ ಹೊರಗ ಬಂದೈತಿ. ಹಿಂದಕ ಬಿದ್ರ ಬೆನ್ನಿಗೆ ಬಡೀತೈತಿ."

ಅವನು ಗಂಟು ಬಿಚ್ಚಿದ. ಅವಳು ಎದುರಿಗೆ ಕೂತು ಒಂದೊಂದೇ ಕೊಟ್ಟಳು, ಅವನು ಒಂದೊಂದೇ ಇಟ್ಟ. ತಂಬಿಗೆ ಎಲ್ಲಕ್ಕಿಂತ ಒಳಗೆ, ಚಾಕು ಅದರ ಹೊಟ್ಟೆಯೊಳಗೆ, ಅದರ ಸುತ್ತ ಅಂಗಿಗಳು. ಕಂಬಳಿಯನ್ನು ಎರಡು ಮಡಿಕೆ ಮಾಡಿ ಹೊರಗೆ ಸುತ್ತಿ, ಬೀಳುವ ಬದಿ ಮೆತ್ತಗಿದೆಯೇ ಅಂತ ಅಂಗೈಯಿಂದ ಒತ್ತಿ ನೋಡಿದ.